ನೀರಿನ ಬಟ್ಟಲಲ್ಲಿ ಆರು ಮೊಟ್ಟೆ: ಸೋಮವಾರಪೇಟೆ ಕಡೆಯ ಒಂದು ಹಾವಿನ ಪ್ರಕರಣ

ನಾನು ದನದ ಡಾಕ್ಟರ್. ಕೊಡಗಿನಲ್ಲಿ ದನದ ಡಾಕ್ಟರ್ ಅಂದರೆ ನಾಯಿ, ಹಂದಿ, ಕೋಳಿ ಎಲ್ಲವೂ ಅದರಲ್ಲೇ ಬಂತು. ಹಾವು ಬರುವುದಿಲ್ಲ. ಮೇ 23ರ ಬೆಳಿಗ್ಗೆ ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಿಂದ ಹುಡುಗನೊಬ್ಬ ಫೋನ್ ಮಾಡಿದ. "ಡಾಕ್ಟ್ರೇ, ಹಾವಿಗೆ ಹೆರಿಗೆ ಕಷ್ಟ ಆಗಿದೆ" ಅಂದ. ನಾನು ಮೊದಲು ಕೇಳಿದ್ದು, "ಯಾವ ಹಾವು?" ಅಂತ.

ಕೇಳಲು ಕಾರಣವಿತ್ತು. ಕೇರೆ, ನಾಗರ, ಹೆಬ್ಬಾವು ಇಂಥ ನಮ್ಮ ಊರಿನ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಹುಡುಗನ ಹತ್ತಿರ ಇದ್ದದ್ದು ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ಭಾಗದ ಹಾವು. ವಿಷವಿಲ್ಲ. ನಮ್ಮ ಕೇರೆ ಹಾವಿನ ದೂರದ ನೆಂಟ ಅನ್ನಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ತೆಗೆದುಕೊಂಡಿದ್ದ. ಮನೆಯಿಂದಲೇ ಕೆಲಸ ಅಂತಾದ ಮೇಲೆ ಒಂದು ಗಂಡು, ಒಂದು ಹೆಣ್ಣು ಎರಡನ್ನೂ ಊರಿಗೆ ತಂದಿದ್ದ. ಕಾಗದಪತ್ರ ತೋರಿಸು ಅಂದೆ, ತೋರಿಸಿದ. ಆಮೇಲೆ ಜೀಪು ಹತ್ತಿದೆ.

ನಾನು ಕಂಡದ್ದು

ಹೆಣ್ಣಿಗೆ ಐದು ವರ್ಷ. ನಾಲ್ಕು ಅಡಿ ಉದ್ದ. ಮೊಟ್ಟೆಯಿಡುವ ಮೊದಲು 460 ಗ್ರಾಂ ತೂಗುತ್ತಿತ್ತಂತೆ. ಆ ಉದ್ದಕ್ಕೆ ಸ್ವಲ್ಪ ಜಾಸ್ತಿಯೇ. ಮಾರ್ಚ್‌ನಲ್ಲಿ ಗಂಡಿನ ಜೊತೆ ಬಿಟ್ಟಿದ್ದ. ಮೇ 9ರಂದು ಪೊರೆ ಬಿಟ್ಟಿತ್ತು. ಈ ಜಾತಿಯಲ್ಲಿ ಮೊಟ್ಟೆಗೆ ಮುಂಚೆ ಒಂದು ಪೊರೆ ಬಿಡುವುದು ಗೊತ್ತಿರುವ ಲಕ್ಷಣ. ಅದಾಗಿ ಒಂದೆರಡು ವಾರದೊಳಗೆ ಮೊಟ್ಟೆ. 22ರ ಬೆಳಗಿನ ಜಾವ ಹನ್ನೊಂದರಲ್ಲಿ ಒಂಬತ್ತು ಮೊಟ್ಟೆ ಹೊರಗೆ ಬಂದಿದ್ದವು. ಆರು ಕುಡಿಯುವ ನೀರಿನ ಬಟ್ಟಲಲ್ಲಿ ಮುಳುಗಿದ್ದವು. ಮೂರು ನೆಲಕ್ಕೆ ಹಾಸಿದ ಪೇಪರಿನ ಮೇಲೆ ಬಿದ್ದು ಸೊಟ್ಟಗಾಗಿದ್ದವು. ಇನ್ನೆರಡು ಹೊಟ್ಟೆಯಲ್ಲೇ. ಬಾಲದ ಕಡೆಯ ಮೂರನೇ ಒಂದು ಭಾಗದಲ್ಲಿ ಎರಡು ಗಂಟು ಕಣ್ಣಿಗೇ ಕಾಣುತ್ತಿದ್ದವು.

ಹಾವಿನ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಿಲ್ಲ. ಒದ್ದೆ ಚರ್ಮದ ಹಾಗಿರುತ್ತದೆ. ಸುತ್ತಲಿನ ತೇವವನ್ನು ಹೀರಿಕೊಳ್ಳುತ್ತದೆ, ಒಣ ಜಾಗದಲ್ಲಿ ಇದ್ದ ನೀರನ್ನೂ ಕಳೆದುಕೊಳ್ಳುತ್ತದೆ. ಗಾಳಿಯೂ ಅದೇ ಪೊರೆಯ ಮೂಲಕ ಹೋಗಿ ಬರಬೇಕು. ಹಾಗಾಗಿ ನೀರಲ್ಲಿ ಮುಳುಗಿದರೆ ಉಸಿರು ಕಟ್ಟುತ್ತದೆ, ಪೇಪರಿನ ಮೇಲೆ ಬಿದ್ದರೆ ಒಣಗುತ್ತದೆ. ಹುಡುಗ ಬಟ್ಟಲಿನ ಆರನ್ನೂ ಒರೆಸಿ ಎತ್ತಿಟ್ಟಿದ್ದ. ವಾರದಲ್ಲಿ ಎಲ್ಲಕ್ಕೂ ಬೂಸ್ಟು ಹಿಡಿಯಿತು. ಪೇಪರಿನ ಮೇಲಿನ ಮೂರೂ ಹಳದಿಯಾಗಿ ಹೋದವು.

ಒಳಗಿದ್ದ ಎರಡರ ವಿಷಯ ಬೇಗ ಹೇಳಿಬಿಡುತ್ತೇನೆ. ಹಸು, ನಾಯಿಗೆ ಕೊಡುವ ಹಾಗೆ ಹೆರಿಗೆನೋವು ಬರಿಸುವ ಆಕ್ಸಿಟೋಸಿನ್ ಚುಚ್ಚಲು ಕೈ ಹೋಗುತ್ತದೆ, ನನಗೂ ಹೋಯಿತು. ಆದರೆ ಆಮೆ, ಹಲ್ಲಿಗಳಲ್ಲಿ ಕೆಲಸ ಮಾಡುವಷ್ಟು ಅದು ಹಾವಿನಲ್ಲಿ ಮಾಡುವುದಿಲ್ಲ. ಹೊರಗಿನಿಂದ ಒತ್ತಿ ತಳ್ಳುವುದಂತೂ ಬೇಡವೇ ಬೇಡ, ಒಳಗೆ ಮೊಟ್ಟೆನಾಳ ಹರಿದರೆ ಹಾವು ಹೋಯಿತು. ಹಾವು ಚುರುಕಾಗಿತ್ತು, ನಾಲಿಗೆ ಆಡಿಸುತ್ತಿತ್ತು. ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬಟ್ಟೆ ತುಂಬಿದ ಕತ್ತಲೆ ಡಬ್ಬಿಯಲ್ಲಿ ಇಟ್ಟೆವು. 25ಕ್ಕೆ ಒಂದು ಬಂತು. ಇನ್ನೊಂದು ಬರಲಿಲ್ಲ. 27ಕ್ಕೆ ಮೈಸೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ಡಾಕ್ಟರ ಹತ್ತಿರ ಕಳಿಸಿದೆ. ಅವರು ಅರಿವಳಿಕೆ ಕೊಟ್ಟು, ದ್ವಾರದಲ್ಲಿ ಕಾಣುತ್ತಿದ್ದ ಮೊಟ್ಟೆಗೆ ಸೂಜಿ ಹಾಕಿ ಒಳಗಿನದ್ದನ್ನು ಹೀರಿ ತೆಗೆದರು. ಕುಗ್ಗಿದ ಚಿಪ್ಪು ಮಾರನೇ ದಿನ ಹೊರಗೆ ಬಂತು. ಹಾವು ಉಳಿಯಿತು.

ಪೆಟ್ಟಿಗೆ ಇತ್ತಲ್ಲ, ಮತ್ತೇಕೆ?

ನನಗೆ ಕುತೂಹಲ ಹುಟ್ಟಿಸಿದ್ದು ಇದಾದ ಮೇಲಿನ ಪ್ರಶ್ನೆ. ಯಾಕೆಂದರೆ ಹುಡುಗ ಅಸಡ್ಡೆಯವನಲ್ಲ. ಮೊಟ್ಟೆಯಿಡಲು ಅಂತಲೇ ಒಂದು ಡಬ್ಬಿ ಇಟ್ಟಿದ್ದ. ಹಾವು ಅದನ್ನು ಬಿಟ್ಟು ನೀರಿನ ಬಟ್ಟಲಿಗೆ ಹೋಗಿತ್ತು. "ಪೆದ್ದು ಹಾವು ಡಾಕ್ಟ್ರೇ" ಅಂದ. ನನಗೆ ಹಾಗನ್ನಿಸಲಿಲ್ಲ.

ಗೂಡು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮರದ್ದು. ಮುಂದೆ ಗಾಜು. ಎಡಗಡೆ ಮೇಲೆ ಸೆರಾಮಿಕ್ ಹೀಟರ್. ಅದರ ಕೆಳಗೆ 31 ಡಿಗ್ರಿ, ಬಲಗಡೆ ತುದಿಯಲ್ಲಿ 24. ಇದು ತಪ್ಪಲ್ಲ. ಹಾವು ತನಗೆ ಬೇಕಾದ ಬಿಸಿಯನ್ನು ಹುಡುಕಿಕೊಂಡು ಓಡಾಡಬೇಕು. ಇದ್ದ ಡಬ್ಬಿ ಮಾತ್ರ ಐಸ್‌ಕ್ರೀಮಿನದು. ಬೆಳಕು ಆಚೆಯಿಂದ ಈಚೆಗೆ ಕಾಣುವಷ್ಟು ತೆಳು. ಮುಚ್ಚಳದಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತು. ಒಳಗೆ ಒಣ ತೆಂಗಿನ ನಾರು. ಬೆಚ್ಚಗಿರಲಿ ಅಂತ ನೇರ ಹೀಟರಿನ ಕೆಳಗೆ ಇಟ್ಟಿದ್ದ. ನಾನು ಥರ್ಮಾಮೀಟರ್ ತೂರಿಸಿ ನೋಡಿದರೆ ಒಳಗೆ 34.

ಹುಡುಗನ ಹಳೇ ಫೋನಿನಲ್ಲಿ ರಾತ್ರಿಯ ವಿಡಿಯೋ ಇತ್ತು. ಕೂತು ನೋಡಿದೆವು. 20ರ ರಾತ್ರಿ ಹಾವು ಆ ಡಬ್ಬಿಗೆ ತಲೆ ಹಾಕಿ, ನಾಲಿಗೆ ಆಡಿಸಿ, ವಾಪಸ್ ಬಂದದ್ದು ಹದಿನಾಲ್ಕು ಸಲ. ಎರಡು ಸಲ ಪೂರ್ತಿ ಒಳಗೆ ಹೋಗಿ ಸುತ್ತಿ ಹೊರಬಂದಿತ್ತು. ಆಮೇಲೆ ಪೇಪರಿನ ಕೆಳಗೆ ಮೂತಿ ತೂರಿಸಿ ನಾಲ್ಕೂ ಮೂಲೆ ಕೆದಕಿತು. 22ರ ಮುಂಜಾನೆ ಬಟ್ಟಲಿಗೆ ಇಳಿಯಿತು. ಬಟ್ಟಲು ಅಗಲದ್ದು, ಮಣ್ಣಿನದು, ಸುರುಳಿ ಸುತ್ತಿ ಕೂತರೆ ಮೈ ಎಲ್ಲಾ ಕಡೆ ಅಂಚಿಗೆ ತಾಗುತ್ತಿತ್ತು. ಆ ಗೂಡಿನಲ್ಲಿ ಒದ್ದೆಯಾಗಿದ್ದ ಜಾಗ ಅದೊಂದೇ. ಮೈಗೆ ಒತ್ತಿಕೊಳ್ಳುವಂಥ ಜಾಗವೂ ಅದೊಂದೇ. ಪೆದ್ದು ಹಾವಲ್ಲ, ಇದ್ದದ್ದರಲ್ಲಿ ಒಳ್ಳೆಯದನ್ನೇ ಆರಿಸಿತ್ತು.

"ಆದ್ರೆ ನಮ್ಮನೇಲಿ ಬಟ್ಟೆನೇ ಒಣಗಲ್ಲ ಡಾಕ್ಟ್ರೇ, ಗೂಡು ಹೇಗೆ ಒಣಗುತ್ತೆ?" ಅಂದ. ನ್ಯಾಯವಾದ ಪ್ರಶ್ನೆ. ಗೋಡೆಯಲ್ಲಿ ಪಾಚಿ ಹತ್ತುವ ಊರು. ಕೋಣೆಯಲ್ಲಿ ತೇವಾಂಶ ಮೀಟರ್ 90ರ ಮೇಲೆ ತೋರಿಸುತ್ತಿತ್ತು. ಅದೇ ಮೀಟರನ್ನು ಗೂಡಿನ ನಡುವೆ ಇಟ್ಟರೆ 52, ಹೀಟರಿನ ಕೆಳಗೆ 43.

ಇದರಲ್ಲಿ ಮಾಯೆಯೇನಿಲ್ಲ. ಗಾಳಿ ಬಿಸಿಯಾದಷ್ಟೂ ಅದು ಹಿಡಿದುಕೊಳ್ಳಬಲ್ಲ ನೀರು ಹೆಚ್ಚುತ್ತದೆ. 18 ಡಿಗ್ರಿಯಲ್ಲಿ 95ರಷ್ಟು ತೇವ ತುಂಬಿದ ಗಾಳಿಯನ್ನು, ಹೊಸದಾಗಿ ನೀರು ಸೇರಿಸದೆ, 28ಕ್ಕೆ ಕಾಯಿಸಿ. ತೇವಾಂಶ 52ರ ಹತ್ತಿರ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ನಾವು ವಸ್ತುಗಳನ್ನು ಒಣಗಿಸಿ ಇಡುವುದು ಇದೇ ಲೆಕ್ಕದಲ್ಲಿ ಅಲ್ವಾ? ಹುಡುಗ ಹಾವನ್ನು ಅಟ್ಟದ ಮೇಲೆ ಇಟ್ಟ ಹಾಗಾಗಿತ್ತು. ಬಯಲುಸೀಮೆಯಲ್ಲಿ ಸಾಕುವವರು ಗಾಳಿ ಒಣಗಿದೆ ಅಂತ ಮೊದಲೇ ಎಚ್ಚರವಾಗಿರುತ್ತಾರೆ. ಕೊಡಗಿನವರು ಮೋಸಹೋಗುತ್ತೇವೆ, ಯಾಕೆಂದರೆ ಕಿಟಕಿಯಾಚೆ ಸದಾ ಮಂಜು ಕಾಣುತ್ತದೆ.

ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳಲು ಬೇರೆ ಕಾರಣಗಳೂ ಇರುತ್ತವೆ. ತಂಪು ಜಾಸ್ತಿಯಾದರೆ, ಮೈಯಲ್ಲಿ ನೀರು ಕಡಿಮೆಯಾದರೆ, ಬೊಜ್ಜು ಬಂದು ಸ್ನಾಯು ಸಡಿಲಾದರೆ, ಮೊಟ್ಟೆಯೇ ವಿಕಾರವಾದರೆ, ಸೋಂಕಿದ್ದರೆ. ಇಲ್ಲಿ ಬೊಜ್ಜಿನ ಪಾಲು ಸ್ವಲ್ಪ ಇತ್ತು ಅಂತಲೇ ನನ್ನ ಅನಿಸಿಕೆ. ಆದರೆ ಎರಡು ರಾತ್ರಿ ಜಾಗ ಹುಡುಕಿ ಅಲೆದು, ಒಂಬತ್ತು ಹಾಕಿ, ಎರಡನ್ನು ಹಿಡಿದುಕೊಂಡ ಹಾವು ಜಾಗಕ್ಕಾಗಿಯೇ ತಡೆದಿತ್ತು ಅನ್ನಿಸಿತು. ಒದ್ದೆ ಬಟ್ಟೆಯ ಕತ್ತಲೆ ಡಬ್ಬಿ ಸಿಕ್ಕಿದ ಮೇಲೆ ಒಂದನ್ನು ತಾನೇ ಹಾಕಿತಲ್ಲ.

ಎರಡನೇ ವರ್ಷದ ಪೆಟ್ಟಿಗೆ

ಮುಂದಿನ ವರ್ಷ ಜೋಡಿ ಮಾಡಬೇಡ ಅಂತ ನಾನು ಹೇಳಿದ್ದೆ. ಹುಡುಗ ಮಾಡಿದ. ಆ ವಿಷಯ ಬಿಡಿ. ಫೆಬ್ರವರಿಯಲ್ಲೇ ಫೋನ್ ಮಾಡಿ ಪೆಟ್ಟಿಗೆ ಹೇಗಿರಬೇಕು ಅಂತ ಕೇಳಿದ, ಅದಕ್ಕೆ ಕ್ಷಮಿಸಿದೆ. ಅಷ್ಟರಲ್ಲಿ ಊಟ ಹತೋಟಿಗೆ ತಂದು ಹಾವನ್ನು 420 ಗ್ರಾಮಿಗೆ ಇಳಿಸಿದ್ದ.

ಕಾರ್ನ್ ಸ್ನೇಕ್ ತನ್ನ ಊರಿನಲ್ಲಿ ಕೊಳೆತ ಮರದ ಬುಡ, ಟೊಳ್ಳು ದಿಮ್ಮಿ, ಕೊಳೆಯುವ ಎಲೆರಾಶಿ ಇಂಥ ಕಡೆ ಮೊಟ್ಟೆಯಿಡುತ್ತದೆ. ನಮ್ಮ ಗೊಬ್ಬರಗುಂಡಿ ಅಗೆಯುವಾಗ ಕೇರೆ ಹಾವಿನ ಮೊಟ್ಟೆ ಸಿಗುವುದೂ ಇದೇ ಕಾರಣಕ್ಕೆ. ಕೊಳೆಯುವ ರಾಶಿ ಒಳಗೊಳಗೇ ಬೆಚ್ಚಗೂ ಇರುತ್ತದೆ, ಒದ್ದೆಯಾಗಿಯೂ ಇರುತ್ತದೆ. ಕಾಳಿಂಗ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮೈಯಿಂದಲೇ ಎಲೆ ಗುಡಿಸಿ ರಾಶಿ ಮಾಡಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತದೆ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಬೇರೆಯೇ ಜಾತಿ ಅಂತ ಗುರುತಿಸಿ ನಮ್ಮ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ, 'ಒಫಿಯೋಫೇಗಸ್ ಕಾಳಿಂಗ'. ಉಳಿದ ಹಾವುಗಳು ಗೂಡು ಕಟ್ಟುವುದಿಲ್ಲ, ಇದ್ದ ಜಾಗದಲ್ಲಿ ಆರಿಸಿಕೊಳ್ಳುತ್ತವೆ. ಆರಿಸಲು ಏನೂ ಇಲ್ಲದ ಗಾಜಿನ ಗೂಡಿನಲ್ಲಿ ಆ ಕೆಲಸ ಸಾಕುವವನ ತಲೆಗೆ ಬರುತ್ತದೆ.

ಹುಡುಗನಿಗೆ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಹಾವು ಸುರುಳಿ ಸುತ್ತಿದರೆ ಹೆಚ್ಚುಕಮ್ಮಿ ತುಂಬುತ್ತದೆ. ಅಷ್ಟೇ ಬೇಕು. ದೊಡ್ಡದಾದರೆ ಒಳ್ಳೆಯದು ಅನ್ನುವುದು ಮನುಷ್ಯರ ಲೆಕ್ಕ. ತೂತು ಎರಡು ಇಂಚು. ಮೊಟ್ಟೆ ತುಂಬಿದ ಹೊಟ್ಟೆ ತೂರಬೇಕಲ್ಲ, ಅದಕ್ಕೆ ಮೈದಪ್ಪಕ್ಕಿಂತ ಸ್ವಲ್ಪ ಜಾಸ್ತಿ. ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿಸಿದೆ. ತೂತು ಪಕ್ಕದ ಗೋಡೆಯಲ್ಲಿ, ಆದರೆ ಮೇಲ್ಗಡೆ. ತಳದಲ್ಲಿ ತೂತು ಮಾಡಿದರೆ ಒಳಗಿನ ಸಾಮಾನೂ ಚೆಲ್ಲುತ್ತದೆ, ತೇವವೂ ಹೋಗುತ್ತದೆ.

ಒಳಗೆ ತುಂಬುವುದರ ಬಗ್ಗೆ ಸಣ್ಣ ಜಗಳವಾಯಿತು. ಹುಡುಗ ತೋಟದ ನೆರಳುಮರದಿಂದ ಬುಟ್ಟಿ ತುಂಬ ಪಾಚಿ ಕಿತ್ತು ತಂದಿದ್ದ. ನೋಡಲು ಹಸಿರು ರತ್ನಗಂಬಳಿ. ಬೇಡ ಅಂದೆ. ಇರುವೆ, ಉಣ್ಣಿ, ಜಿಗಣೆ ಒಂದು ಕಡೆ. ಅದಕ್ಕಿಂತ ನನಗೆ ಹೆದರಿಕೆ ಬೋರ್ಡೋ ಅನ್ನುವ ಬೂಸ್ಟುನಾಶಕ ಮದ್ದಿನದು. ಮಳೆಗೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತೇವೆ. ಮೆಣಸಿನ ಬಳ್ಳಿ ಹಬ್ಬಿರುವುದು ಅದೇ ಮರಕ್ಕೆ. ಹೊಡೆದ ತಾಮ್ರ ಆ ಪಾಚಿಯಲ್ಲಿ ಎಷ್ಟು ಕೂತಿದೆ ಅಂತ ಯಾರು ಅಳೆಯುತ್ತಾರೆ? ಅಂಥದ್ದರ ಮೇಲೆ ಮೊಟ್ಟೆಯಿಡಿಸುವ ಧೈರ್ಯ ನನಗಿರಲಿಲ್ಲ. ಆರ್ಕಿಡ್, ಆಂಥೂರಿಯಂ ಬೆಳೆಸುವವರಿಗೆ ನರ್ಸರಿಯಲ್ಲಿ ಸ್ಫ್ಯಾಗ್ನಮ್ ಮಾಸ್ ಅಂತ ಒಣಪಾಚಿ ಮಾರುತ್ತಾರೆ. ಅದನ್ನು ತರಿಸಿದೆವು. ತಳಕ್ಕೆ ಎರಡು ಇಂಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದರ ಮೇಲೆ ಈ ಮಾಸ್. ಕೋಕೋಪೀಟಿನ ಇಟ್ಟಿಗೆಯಲ್ಲಿ ಉಪ್ಪಿರಬಹುದು, ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಹದ ಎಷ್ಟು ಅಂತ ಮೆಣಸಿನ ನರ್ಸರಿ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದು ನಿಲ್ಲಬೇಕು, ಸುರಿಯಬಾರದು.

ಇಡುವ ಜಾಗ ಗೂಡಿನ ನಡುವೆ, ಒಂಚೂರು ಬಿಸಿಯ ಕಡೆಗೆ. ಒಳಗೆ 27ರಿಂದ 28. ಅಂಥದ್ದೇ ಇನ್ನೊಂದು ಪೆಟ್ಟಿಗೆಯನ್ನು ತಂಪು ತುದಿಯಲ್ಲೂ ಇಟ್ಟೆವು, 24ರ ಹತ್ತಿರ. ಆರಿಸುವುದು ಹಾವಿನ ಕೆಲಸ, ನಮ್ಮದಲ್ಲ. ಹೀಟರಿಗೆ ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬಂತು. ಅಗಲದ ಬಟ್ಟಲು ಹೋಗಿ, ಸುರುಳಿ ಸುತ್ತಲು ಆಗದಷ್ಟು ಸಣ್ಣ, ಭಾರದ ಲೋಟ ಬಂತು. ನೀರು ಮಾತ್ರ ಒಂದು ಹೊತ್ತೂ ಖಾಲಿಯಾಗಬಾರದು ಅಂದೆ. ಬಟ್ಟಲಲ್ಲಿ ಮೊಟ್ಟೆಯಿಡುತ್ತದೆ ಅಂತ ನೀರನ್ನೇ ತೆಗೆದರೆ ಬೇರೆ ರೋಗ ತಂದುಕೊಂಡ ಹಾಗೆ. ಗಾಜಿಗೆ ಹಳೇ ಲುಂಗಿ ಇಳಿಬಿಟ್ಟ. ಗಂಡನ್ನು ಬೇರೆ ಗೂಡಿಗೆ ಹಾಕಿದ.

ಹುಡುಗನ ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ನಂಗೂ ಇಷ್ಟು ಬಾಣಂತನ ಯಾರೂ ಮಾಡಿಲ್ಲ ಡಾಕ್ಟ್ರೇ" ಅಂದು ಕಾಫಿ ಕೊಟ್ಟರು.

ಪೆಟ್ಟಿಗೆಗಳನ್ನು ಇಟ್ಟದ್ದು ಏಪ್ರಿಲ್ ಮೊದಲ ವಾರ. ಇಷ್ಟು ಮುಂಚೆ ಯಾಕೆ ಅಂದರೆ ಹಾವಿಗೆ ಅದು ಅಭ್ಯಾಸವಾಗಬೇಕು. ಕೊನೇ ದಿನ ಹೊಸ ಡಬ್ಬಿ ಇಟ್ಟರೆ ಅದೂ ಒಂದು ಗಾಬರಿ.

ನಡುವೆ ನಾವು ಒಂದು ತಪ್ಪು ಮಾಡಿದೆವು. ಮೊದಲ ವರ್ಷದ ಹೆದರಿಕೆಯಲ್ಲಿ ಹುಡುಗ ದಿನಾ ಬೆಳಿಗ್ಗೆ ಸಂಜೆ ಪೆಟ್ಟಿಗೆಗೆ ನೀರು ಚಿಮುಕಿಸುತ್ತಿದ್ದ. ನಾನೂ ಕೇಳಲಿಲ್ಲ. ಏಪ್ರಿಲ್ ಕೊನೆಗೆ ಹೋಗಿ ಕೋಕೋಪೀಟನ್ನು ಬೆರಳಿಂದ ಸರಿಸಿದರೆ ತಳದಲ್ಲಿ ನೀರು ನಿಂತು ವಾಸನೆ ಬರುತ್ತಿತ್ತು. ಹಾವಿನ ಹೊಟ್ಟೆಯಲ್ಲಿ ನಾಲ್ಕೈದು ಹುರುಪೆ ಕೆಂಪಗಾಗಿದ್ದವು. ಸದಾ ಒದ್ದೆಯಲ್ಲಿ ಮಲಗಿದರೆ ಹೀಗೆ ಶುರುವಾಗಿ ಗುಳ್ಳೆಯಾಗುತ್ತದೆ. ಎಲ್ಲ ಸುರಿದು, ತೊಳೆದು, ಹೊಸದಾಗಿ ತುಂಬಿದೆವು. ಗೂಡಿನ ಉಳಿದ ನೆಲ ಒಣಗಿಯೇ ಇರಬೇಕು, ಪೆಟ್ಟಿಗೆಯೊಳಗೆ ಮಾತ್ರ ತೇವ. ಆ ಮೇಲೆ ಮುಚ್ಚಳ ತೆಗೆಯದೆ, ಒಳಗೆ ಬಿಟ್ಟ ಮೀಟರಿನ ತಂತಿಯಿಂದಲೇ ನೋಡಿಕೊಂಡ. 85ರಿಂದ 90ರ ನಡುವೆ ನಿಂತಿತು. ವಾರಕ್ಕೊಮ್ಮೆ ಚಿಮುಕಿಸಿದರೆ ಸಾಕಾಯಿತು. ಕೆಂಪು ಕಲೆ ಮುಂದಿನ ಪೊರೆಯ ಜೊತೆ ಹೋಯಿತು.

ಆ ಪೊರೆ ಬಿಟ್ಟದ್ದು ಮೇ 11ಕ್ಕೆ, ಪೆಟ್ಟಿಗೆಯೊಳಗೇ. ಮೊದಲ ಮೂರು ದಿನ ತಂಪಿನ ಕಡೆಯ ಪೆಟ್ಟಿಗೆಯಲ್ಲಿ ಮಲಗಿತ್ತು. ನಮ್ಮ ಲೆಕ್ಕ ತಪ್ಪಿತು ಅಂದುಕೊಂಡೆ. ನಾಲ್ಕನೇ ರಾತ್ರಿ ನಡುವಿನದಕ್ಕೆ ಬಂತು. ಮತ್ತೆ ಬಿಡಲಿಲ್ಲ. ಮೇ 21ರ ಮಧ್ಯಾಹ್ನ ಹುಡುಗ ಸುಮ್ನೆ ಟಾರ್ಚ್ ಬಿಟ್ಟು ನೋಡಿದಾಗ ಹದಿನಾಲ್ಕು ಮೊಟ್ಟೆ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು. ಹದಿಮೂರು ಬೆಳ್ಳಗೆ ತುಂಬಿಕೊಂಡಿದ್ದವು. ಒಂದು ಸಣ್ಣದು, ಹಳದಿ, ಟೊಳ್ಳು. ಹೊಟ್ಟೆ ತಡವಿ ನೋಡಿದೆ, ಒಳಗೆ ಏನೂ ಉಳಿದಿರಲಿಲ್ಲ. ಆರನೇ ದಿನಕ್ಕೆ ಬಿಳಿ ಇಲಿ ತಿಂದಿತು.

ಇದೆಲ್ಲ ಪೆಟ್ಟಿಗೆಯ ಮಹಿಮೆ ಅಂತ ನಾನು ಹೇಳಲಾರೆ. ತೂಕ ಇಳಿದಿತ್ತು. ಥರ್ಮೋಸ್ಟಾಟ್ ಬಂದಿತ್ತು. ಹಾವಿಗೆ ಇದು ಎರಡನೇ ಸಲ. ಒಂದೇ ಹಾವು, ಎರಡೇ ವರ್ಷ. ಆದರೆ ಮೊದಲ ವರ್ಷದ ಹದಿನಾಲ್ಕು ಸಲದ ತಲೆ ಹಾಕಾಟ, ಕೆದಕಾಟ ಈ ಸಲದ ವಿಡಿಯೋದಲ್ಲಿ ಒಂದು ಸಲವೂ ಕಾಣಲಿಲ್ಲ. ಅದನ್ನು ಮಾತ್ರ ಪೆಟ್ಟಿಗೆಯ ಖಾತೆಗೇ ಹಾಕುತ್ತೇನೆ.

ಮಳೆಗಾಲದ ಎರಡು ತಿಂಗಳು

ತಾಯಿ ಕಾರ್ನ್ ಸ್ನೇಕ್ ಕಾವು ಕೊಡುವುದಿಲ್ಲ, ಇಟ್ಟು ಹೊರಟುಹೋಗುತ್ತದೆ. ಹೆಬ್ಬಾವಿನ ಜಾತಿಯವು ಮೊಟ್ಟೆಯ ಸುತ್ತ ಸುತ್ತಿಕೊಂಡು ಕೂರುತ್ತವೆ, ಇದಕ್ಕೆ ಆ ಗುಣವಿಲ್ಲ. ಮೊಟ್ಟೆಗೊಂಚಲನ್ನು ಬಿಡಿಸದೆ, ಉರುಳಿಸದೆ, ಇದ್ದ ಹಾಗೇ ಎತ್ತಿ ಬೇರೆ ಡಬ್ಬಿಗೆ ಹಾಕಿದ. ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ. ಕೋಳಿಮೊಟ್ಟೆಯನ್ನು ತಿರುಗಿಸುತ್ತಾ ಇರಬೇಕು, ಹಾವಿನದನ್ನು ತಿರುಗಿಸಿದರೆ ಒಳಗೆ ಮೇಲಕ್ಕೆ ಅಂಟಿದ ಭ್ರೂಣ ಮುಳುಗಿ ಸಾಯಬಹುದು. ಕೆಳಗೆ ವರ್ಮಿಕ್ಯುಲೈಟ್ ಅನ್ನುವ, ನೀರು ಹಿಡಿದಿಡುವ ಹಗುರ ಖನಿಜದ ಚೂರು, ಅದರ ತೂಕದಷ್ಟೇ ನೀರು. ಎಲ್ಲವೂ ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಯೊಳಗೆ, 28 ಡಿಗ್ರಿಯಲ್ಲಿ.

ಜೂನ್ ಕೊನೆಗೆ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟು ಹೋಯಿತು. ಇನ್ವರ್ಟರ್ ಎರಡನೇ ದಿನಕ್ಕೆ ಸುಸ್ತು. ಬಾಟಲಿಗಳಿಗೆ ಬಿಸಿನೀರು ತುಂಬಿ ಪೆಟ್ಟಿಗೆಯೊಳಗೆ ಮೂಲೆಗೊಂದು ಇಟ್ಟು ಕಾದರು. ರಾತ್ರಿ ಬಾಟಲಿ ಬದಲಿಸಿದ್ದು ಅಮ್ಮ. ಒಂದು ಬೆಳಗಿನ ಜಾವ 22ಕ್ಕೆ ಇಳಿದಿತ್ತಂತೆ. ಗಾಬರಿಯಾಗಬೇಡಿ ಅಂದೆ. ಸ್ವಲ್ಪ ಹೊತ್ತಿನ ತಂಪನ್ನು ಈ ಮೊಟ್ಟೆಗಳು ತಡೆದುಕೊಳ್ಳುತ್ತವೆ, ಮರಿ ಬರುವುದು ತಡವಾಗಬಹುದು ಅಷ್ಟೇ. ಬಿಸಿ ಜಾಸ್ತಿಯಾಗುವುದು ಅದಕ್ಕಿಂತ ಕೆಟ್ಟದು.

ಜುಲೈ 24ಕ್ಕೆ, ಅರುವತ್ತನಾಲ್ಕನೇ ದಿನ, ಮೊದಲ ಮೊಟ್ಟೆ ಸೀಳಿ ಒಂದು ಮೂತಿ ಹೊರಗೆ ಬಂತು. ಬಂದದ್ದು ಹಾಗೇ ಒಂದು ದಿನ ನಮ್ಮನ್ನು ನೋಡುತ್ತಾ ಕೂತಿತ್ತು. ಎಳೆಯಬಾರದು. ಒಳಗಿನ ಹಳದಿ ಮೈಗೆ ಹೀರಿಕೊಂಡ ಮೇಲೆ ತಾನೇ ಬರುತ್ತದೆ. ಹದಿಮೂರರಲ್ಲಿ ಹನ್ನೊಂದು ಬಂದವು. ಎರಡು ನಡುವೆಯೇ ಕೆಟ್ಟಿದ್ದವು. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ಕ್ಕೆ, ನಾನು ಹೋದಾಗ ಅಮ್ಮ ಮದ್ದುಸೊಪ್ಪಿನ ಪಾಯಸ ಕೊಟ್ಟರು. ಪಕ್ಕದ ಕೋಣೆಯಲ್ಲಿ ಹನ್ನೊಂದು ಪುಟ್ಟ ಡಬ್ಬಿಗಳಲ್ಲಿ ಮರಿಗಳು ಮೊದಲ ಪೊರೆ ಬಿಡುತ್ತಿದ್ದವು.

ಮರಿಗಳನ್ನು ಯಾರಿಗೆ ಕೊಡುವುದು ಅನ್ನುವ ಚಿಂತೆ ಆಮೇಲೆ ಶುರುವಾಯಿತು. ಅದು ಮೊದಲೇ ಆಗಬೇಕಿತ್ತು. ಸಾಕಲಾಗದಿದ್ದರೆ ತೋಟಕ್ಕೆ ಬಿಡೋಣ ಅಂತ ಯಾರೋ ನೆಂಟರು ಹೇಳಿದರಂತೆ. ಒಂದೇ ಒಂದೂ ಬೇಡ. ಹೊರದೇಶದ ಹಾವು, ಹೊರದೇಶದ ರೋಗ, ನಮ್ಮ ಕಾಡಿನ ಪಕ್ಕ. ಹಾಗೆ ಮಾಡಿದರೆ ನಾನೇ ಅರಣ್ಯ ಇಲಾಖೆಗೆ ಹೇಳುತ್ತೇನೆ ಅಂತ ಹುಡುಗನ ಮುಖಕ್ಕೇ ಹೇಳಿದೆ. ಪಾಪ, ಅವನಿಗೂ ಆ ಯೋಚನೆ ಇರಲಿಲ್ಲ.

ಈ ವರ್ಷ ಗಂಡನ್ನು ಜೊತೆಗೆ ಬಿಟ್ಟಿಲ್ಲ. "ಹಾಗಾದ್ರೆ ಪೆಟ್ಟಿಗೆ ತೆಗೆದಿಡ್ಲಾ?" ಅಂತ ಮಾರ್ಚ್‌ನಲ್ಲಿ ಕೇಳಿದ. ಇಡು ಅಂದೆ. ಗಂಡಿಲ್ಲದೆಯೂ ಹೆಣ್ಣು ಕಾರ್ನ್ ಸ್ನೇಕ್ ಟೊಳ್ಳು ಮೊಟ್ಟೆಗಳನ್ನು ಇಡಬಹುದು. ಅವೂ ಸಿಕ್ಕಿಕೊಳ್ಳಬಹುದು. ಮೊನ್ನೆ ಆ ಕಡೆ ಹಸುವಿಗೆ ಕಾಲುಬೇನೆ ನೋಡಲು ಹೋದವನು ಅವರ ಮನೆಗೂ ಹೊಕ್ಕು ಬಂದೆ. ಕಪ್ಪು ಪೆಟ್ಟಿಗೆ ನಡುವಿನ ಜಾಗದಲ್ಲೇ ಇತ್ತು. ತೂತಿನಲ್ಲಿ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಮೀಟರ್ 87 ತೋರಿಸುತ್ತಿತ್ತು.